ಮಾತ್ರೆಗೂ ಪಂಕ್ತಿಭೇದವೇ?

ನಮ್ಮ ಅತ್ತೆಯ ಮನೆಯಲ್ಲಿ ಕೊಬ್ಬರಿ ಸುಲಿಸುವ ದಿನ ಮಧ್ಯಾಹ್ನದ ಊಟವಾದ ಮೇಲೆ ತಾಂಬೂಲದ ತಟ್ಟೆ ಬರುತ್ತದೆ. ವೀಳ್ಯದೆಲೆ, ಅಡಿಕೆ, ಸುಣ್ಣದ ಡಬ್ಬಿ, ಬೇಕಾದವರಿಗೆ ಒಂದು ಚಿಟಿಕೆ ಕಡ್ಡಿಪುಡಿ. ಇಷ್ಟು ಎಲ್ಲರ ಮನೆಯಲ್ಲೂ ಇರುವುದೇ. ಅತ್ತೆಯ ತಟ್ಟೆಯಲ್ಲಿ ಮಾತ್ರ ಅಡಿಕೆಯ ಪಕ್ಕದಲ್ಲಿ ಮೈಕೈ ನೋವಿನ ಮಾತ್ರೆಗಳೂ ಇರುತ್ತಿದ್ದವು. ಶೀಟಿನಿಂದ ಒಂದೊಂದನ್ನೇ ಕತ್ತರಿಸಿ, ತಲೆಗೊಂದರಂತೆ ಲೆಕ್ಕ ಹಾಕಿ, ಎಲೆಯ ಮೇಲೆ ಒಪ್ಪವಾಗಿ ಜೋಡಿಸಿರುತ್ತಿದ್ದರು.

ಮದುವೆಯಾದ ಹೊಸತರಲ್ಲಿ ಆ ತಟ್ಟೆ ಮೊದಲ ಸಲ ನನ್ನ ಮುಂದೆ ಬಂದಾಗ ನಾನು ಎಲೆಯನ್ನು ಬಿಟ್ಟು ಮಾತ್ರೆಯನ್ನೇ ಎತ್ತಿ ಬೆಳಕಿಗೆ ಹಿಡಿದೆ. ನಾನು ತಿಪಟೂರಿನಲ್ಲಿ ಮೆಡಿಕಲ್ ಸ್ಟೋರು ಇಟ್ಟವನು. ಔಷಧದ ಓದು ಓದಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವನು. ಮಾತ್ರೆಯ ಹಿಂದಿನ ಕೆಂಪು ಗೀಟು ನೋಡಿದ ಕೂಡಲೇ ಬಾಯಿ ಸುಮ್ಮನಿರಲಿಲ್ಲ. "ಇದನ್ನ ಡಾಕ್ಟರ ಚೀಟಿ ಇಲ್ದೆ ಕೊಡೋ ಹಂಗಿಲ್ಲ" ಎಂದೆ. ಆಗಿನ್ನೂ ಅತ್ತೆ ನನ್ನ ಎದುರಿಗೆ ಬರುತ್ತಿರಲಿಲ್ಲ. ಏನು ಹೇಳುವುದಿದ್ದರೂ ಬಾಗಿಲ ಮರೆಯಿಂದ, ಮಗಳ ಮೂಲಕ. "ಅಳಿಯಂದ್ರು ತಗಳ್ಳಲ್ವಂತಾ? ನೋವಿಲ್ದಿದ್ರೂ ಪರವಾಗಿಲ್ಲ, ತಗಳಕ್ಕೆ ಹೇಳೇ. ತಟ್ಟೇಲಿ ಬಂದದ್ದನ್ನ ಬ್ಯಾಡ ಅನ್ಬಾರ್ದು" ಎಂಬ ಮಾತು ಬಂತು. ನನ್ನ ಹೆಂಡತಿ ಕಣ್ಣಲ್ಲೇ ಗದರಿಸಿದಳು. ನಾನು ಮಾತ್ರೆಯನ್ನು ಜೇಬಿಗೆ ಹಾಕಿಕೊಂಡು ಮರ್ಯಾದೆಯಿಂದ ಎಲೆ ಮಡಿಸಿದೆ.

ದಂಡಿನಶಿವರದ ಕಡೆಯ ಆ ಮನೆಯಲ್ಲಿ ಈ ಪದ್ಧತಿ ಹೇಗೆ ಹುಟ್ಟಿತು ಎಂದು ಆಮೇಲೆ ಹೆಂಡತಿ ಹೇಳಿದಳು. ನಮ್ಮ ಕಡೆ ತೆಂಗಿನಕಾಯಿಯನ್ನು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಬಿಟ್ಟಿರುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವ ಉಂಡೆ ಕೊಬ್ಬರಿಯಾದ ಮೇಲೆ ಕೆಳಗಿಳಿಸುತ್ತಾರೆ. ಗಂಡಸರು ಮಟ್ಟೆ ಸುಲಿಯುತ್ತಾರೆ, ಹೆಂಗಸರು ಸಾಲಾಗಿ ನೆಲದ ಮೇಲೆ ಕೂತು ಮಚ್ಚಿನಲ್ಲಿ ಚಿಪ್ಪು ಬಿಡಿಸುತ್ತಾರೆ. ಉಂಡೆ ಒಡೆದರೆ ಬೆಲೆ ಬಿತ್ತು, ಆದ್ದರಿಂದ ಪ್ರತಿ ಏಟೂ ಅಳೆದು ಹಾಕಬೇಕು. ಸಂಜೆಯ ಹೊತ್ತಿಗೆ ಮಣಿಕಟ್ಟು, ಸೊಂಟ, ಮಂಡಿ ಎಲ್ಲವೂ ಸಾಲುಗಟ್ಟಿ ದೂರು ಹೇಳುತ್ತವೆ. ಹಾಗೆ ಒಂದು ವರ್ಷ ಒಬ್ಬಾಕೆ ಕೈ ಹಿಡಿದುಕೊಂಡು ಕೂತಾಗ ಅತ್ತೆ ತಮ್ಮ ಮಂಡಿ ನೋವಿಗೆಂದು ಇಟ್ಟುಕೊಂಡಿದ್ದ ಮಾತ್ರೆ ಕೊಟ್ಟರು. ಪಕ್ಕದಲ್ಲಿದ್ದವಳು ನೋಡಿದಳು. ಅಷ್ಟೇ ಸಾಕಾಯಿತು.

ಅತ್ತೆಗೆ ಪಂಕ್ತಿಭೇದ ಎಂದರೆ ಆಗದು. ಸಾಲಿನಲ್ಲಿ ಕೂತವರಿಗೆ ಒಬ್ಬರ ಎಲೆಗೆ ತುಪ್ಪ ಹಾಕಿ ಇನ್ನೊಬ್ಬರ ಎಲೆಗೆ ಬಿಟ್ಟರೆ ಮನೆಗೆ ಏಳಿಗೆಯಿಲ್ಲ ಎಂದು ನಂಬಿದ ಹೆಂಗಸು. ಯಜಮಾನನಿಗೂ ಆಳಿಗೂ ಒಂದೇ ಪಾತ್ರೆಯ ಸಾರು, ಒಂದೇ ಸೌಟು. ತುಪ್ಪಕ್ಕಿರುವ ನ್ಯಾಯ ಮಾತ್ರೆಗೆ ಇರಬೇಡವೇ? ಒಬ್ಬಳಿಗೆ ಕೊಟ್ಟ ಮೇಲೆ ಸಾಲಿಗೆಲ್ಲ ಕೊಡಬೇಕು. ನೋವಿದ್ದವಳಿಗೂ ಒಂದು, ನೋವಿಲ್ಲದವಳಿಗೂ ಒಂದು. ಮರುವರ್ಷದಿಂದ ಅದು ತಟ್ಟೆಗೇ ಏರಿತು. "ಆ ಮನೇಲಿ ಗುಳಿಗೆ ಕೊಟ್ಟು ಕಳಿಸ್ತಾರೆ" ಎಂದು ಸುತ್ತಲಿನ ಊರಿನಲ್ಲಿ ಹೆಸರಾಯಿತು. ಕೊಬ್ಬರಿ ಸೀಸನ್ನಿನಲ್ಲಿ ಆಳು ಸಿಗದೆ ಎಲ್ಲರೂ ಒದ್ದಾಡುವಾಗ ಅತ್ತೆಯ ಮನೆಗೆ ಕರೆಯದೇ ಬರುತ್ತಿದ್ದರು. ಅತ್ತೆಗೆ ಆ ಹೆಸರೆಂದರೆ ಕೊರಳಿನ ಸರದಷ್ಟೇ ಹೆಮ್ಮೆ.

ಇನ್ನು ಕೆಂಪು ಗೀಟಿನ ವಿಚಾರ. ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂಬ ಎಚ್ಚರಿಕೆಗೆ ಶೀಟಿನ ಹಿಂದೆ ಆ ಗೀಟು ಎಳೆದಿರುತ್ತಾರೆ. ಓದುವವರು ಯಾರು? ಚೀಲದ ಮೇಲೆ ಬಣ್ಣದ ಗುರುತು ಹಾಕಿ ಕೊಬ್ಬರಿಯ ದರ್ಜೆ ತಿಳಿಯುವ ಊರು ನಮ್ಮದು. ಅತ್ತೆಯ ಲೆಕ್ಕದಲ್ಲಿ ಕೆಂಪು ಗೀಟಿನ ಮಾತ್ರೆ ಒಂದನೇ ನಂಬರು. ಗೀಟಿಲ್ಲದ್ದು ಎರಡನೇ ದರ್ಜೆ ಮಾಲು. ಅತ್ತೆಯೊಬ್ಬರೇ ಅಲ್ಲ, ನನ್ನ ಅಂಗಡಿಗೆ ಬರುವ ಅರ್ಧ ಜನ "ಗೀಟಿಂದೇ ಕೊಡ್ರಿ, ಡೂಪ್ಲಿಕೇಟ್ ಬ್ಯಾಡ" ಎನ್ನುತ್ತಿದ್ದರು.

ಈಚೆಗೆ ಔಷಧ ಇಲಾಖೆಯವರು ಬಿಗಿ ಮಾಡಿದರು. ಅಂಗಡಿ ಅಂಗಡಿ ಹತ್ತಿ ಇಳಿದು, ಎಷ್ಟು ತರಿಸಿದೆ, ಎಷ್ಟು ಹೋಯಿತು, ಚೀಟಿ ಎಲ್ಲಿ ಎಂದು ತಾಳೆ ನೋಡಲು ಶುರು ಮಾಡಿದರು. ಅಂಗಡಿಯವರೆಲ್ಲ ಗೊಣಗಿದರು. ನಾನೂ ಗೊಣಗಿದೆ, ಗೊಣಗುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಒಳಗೊಳಗೆ ಮಾತ್ರ ಹಾಲು ಕುಡಿದಷ್ಟು ಸಂತೋಷವಾಯಿತು. ನಮ್ಮಂಥ ಊರಿನಲ್ಲಿ ಇಲ್ಲ ಎನ್ನುವುದು ಸುಲಭವಲ್ಲ. ಕೇಳಲು ಬರುವವನು ನೆಂಟ, ಅಲ್ಲದಿದ್ದರೆ ನೆಂಟನ ನೆಂಟ. ಕಡಲೆಪುರಿಯ ಹಾಗೆ ಈ ಮಾತ್ರೆ ಮುಕ್ಕಿ ಹೊಟ್ಟೆಯಲ್ಲಿ ಹುಣ್ಣು ಮಾಡಿಕೊಂಡವರನ್ನು, ಮುಖ ಊದಿಸಿಕೊಂಡು ಕಿಡ್ನಿ ಡಾಕ್ಟರ ಬಾಗಿಲು ಕಾದವರನ್ನು ನಾನು ಕೌಂಟರಿನ ಈಚೆಯಿಂದ ಕಂಡಿದ್ದೆ. ನನ್ನ ಉಪದೇಶವನ್ನು ಕೇಳುವವರಿರಲಿಲ್ಲ. ಈಗ "ಸರ್ಕಾರ ಬುಡಾಕಿಲ್ಲ ಕಣಪ್ಪ, ನಾನೇನ್ ಮಾಡ್ಲಿ" ಎಂದರೆ ಮಾತು ಮುಗಿಯಿತು.

ಮುಗಿಯಿತು ಎಂದುಕೊಂಡದ್ದು ನಾನು. ನಮ್ಮ ಜನ ಅಷ್ಟಕ್ಕೆ ಬಿಡುವವರೇ? ಒಬ್ಬಾತ ಹಸುವಿನ ಡಾಕ್ಟರು ಬರೆದ ಚೀಟಿ ತಂದ. "ಚೀಟಿ ಅಂದ್ರಿ, ತಂದೀವ್ನಿ. ಅವ್ರೂ ಡಾಕ್ಟ್ರೇ ಅಲ್ವೇನ್ರೀ?" ಎಂದು ನನಗೇ ಜೋರು ಮಾಡಿದ. ಇನ್ನೊಬ್ಬಾಕೆ ತಂದದ್ದು ತೀರಿಕೊಂಡ ಮಾವನ ಚೀಟಿ. "ಇದು ನಿಮ್ಮ ಮಾವಂದಲ್ವೇನಮ್ಮ" ಎಂದರೆ, "ಅವ್ರಿಗೆ ಈಗ ನೋವಿಲ್ಲ ಬುಡಿ, ನಂಗೈತೆ" ಎಂದಳು. ಅವಳು ಹೋದ ಮೇಲೆ ನಾನು ಕೌಂಟರಿಗೆ ತಲೆಯಿಟ್ಟು ನಕ್ಕೆ.

ಆ ನಗುವಿನ ವಾರದಲ್ಲೇ ಒಂದು ಬೆಳಿಗ್ಗೆ ಅತ್ತೆ ಬಸ್ಸಿಳಿದು ನೇರ ಅಂಗಡಿಗೆ ಬಂದರು. ಮನೆಗೆ ಹೋಗಿ ಮಗಳನ್ನು ನೋಡಲಿಲ್ಲ, ಅಂಗಡಿಗೇ ಬಂದರು. ಚಪ್ಪಲಿಯನ್ನು ದೇವಸ್ಥಾನದ ಮುಂದೆ ಬಿಡುವಂತೆ ಮೆಟ್ಟಿಲ ಕೆಳಗೆ ಬಿಟ್ಟು, ಬೆಂಚಿನ ತುದಿಯಲ್ಲಿ ಕೂತು, ಗಿರಾಕಿಗಳೆಲ್ಲ ಹೋಗುವವರೆಗೂ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಮದುವೆಯಾದಾಗಿನಿಂದ ಆಕೆ ನನಗೆ ಕೊಟ್ಟದ್ದಕ್ಕೆ ಕೊನೆಯಿಲ್ಲ. ತುಪ್ಪ, ಹಪ್ಪಳ, ಕೊಬ್ಬರಿ ಮಿಠಾಯಿ, ಮೊದಲ ಹುರುಳಿಕಾಯಿ, ಮೊದಲ ಅವರೆಕಾಯಿ. ನನ್ನಿಂದ ಒಂದು ಹುಲ್ಲುಕಡ್ಡಿಯನ್ನೂ ಕೇಳಿದವರಲ್ಲ. ಹೆಣ್ಣು ಕೊಟ್ಟ ಮನೆಯಲ್ಲಿ ಕೈಚಾಚಬಾರದು ಎಂಬ ಕಾಲದವರು.

ಅಂಗಡಿ ಖಾಲಿಯಾಯಿತು. ಮಧ್ಯೆ ಮಾತು ದಾಟಿಸಲು ಮಗಳಿರಲಿಲ್ಲ. ಅತ್ತೆ ನನ್ನ ಮುಖ ನೋಡದೆ ಕೌಂಟರಿನ ಮೇಲಿದ್ದ ಕೆಮ್ಮಿನ ಔಷಧದ ಬಾಟಲಿಗೆ ಹೇಳಿದರು. "ಮುಂದಿನ ತಿಂಗ್ಳು ಕೊಬ್ಬರಿ ಇಳಿಸ್ತೀವಿ. ಊರಾಗೆ ಎಲ್ಲೂ ಗುಳಿಗೆ ಸಿಗ್ತಾ ಇಲ್ಲ. ಒಂದು ಡಬ್ಬಿ ಬೇಕಾಗಿತ್ತು."

ಬಾಟಲಿ ಏನೂ ಹೇಳಲಿಲ್ಲ, ನಾನೇ ಹೇಳಬೇಕಾಯಿತು. "ಚೀಟಿ ಇಲ್ದೆ ಆಗಲ್ಲ ಅತ್ತೆ" ಎಂದೆ.

"ನಂಗೂ ಚೀಟಿನಾ?"

"ನಮ್ಮಪ್ಪ ಬಂದ್ರೂ ಅಷ್ಟೇ."

ಅತ್ತೆ ಎದ್ದರು. ಮುಖದಲ್ಲಿ ಕೋಪವಿರಲಿಲ್ಲ, ಕೋಪವಿದ್ದಿದ್ದರೆ ವಾಸಿಯಿತ್ತು. ಬಾಯಿಬಿಟ್ಟು ಕೇಳಿದ ಮೊದಲನೇ ವಸ್ತುವಿಗೇ ಅಳಿಯ ಇಲ್ಲ ಎಂದನಲ್ಲ ಎಂಬ ನಾಚಿಕೆ. ಮೆಟ್ಟಿಲಿಳಿದು ಚಪ್ಪಲಿಗೆ ಕಾಲು ತೂರಿಸಲು ಹೋದರು, ಕಾಲು ಹೋಗಲಿಲ್ಲ. ಆಗ ನೋಡಿದೆ. ಪಾದದ ಮೇಲೆ ಚಪ್ಪಲಿಯ ಪಟ್ಟಿ ಕೂತಿದ್ದ ಕಡೆ ಆಳವಾದ ಹಳ್ಳ. ಕಾಲಿನ ಗಿಣ್ಣೇ ಕಾಣುತ್ತಿಲ್ಲ. ಮೊಣಕಾಲಿನಿಂದ ಬೆರಳಿನವರೆಗೂ ಒಂದೇ ಸಮನೆ ಬಾಳೆದಿಂಡಿನ ಹಾಗೆ ಊದಿತ್ತು. ಇಷ್ಟು ವರ್ಷ ಆ ಕಾಲಿಗೆ ನಮಸ್ಕಾರ ಮಾಡಿದ್ದೇನೆ, ನೋಡಿರಲಿಲ್ಲ.

ಶಟರು ಅರ್ಧ ಎಳೆದು, "ನಡೀರಿ ಅತ್ತೆ, ಚೀಟಿ ಬರೆಸ್ಕೊಂಡು ಬರಾಣ" ಎಂದೆ. ಚೀಟಿ ಎಂದದ್ದಕ್ಕೆ ಬಂದರು. ಹೆಂಡತಿಗೂ ಫೋನು ಮಾಡಿ ಆಸ್ಪತ್ರೆಗೆ ಬರಹೇಳಿದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪಾದವನ್ನು ಬೆರಳಿನಿಂದ ಒತ್ತಿ ನೋಡಿ, ದಿನಕ್ಕೆ ಎಷ್ಟು ಮಾತ್ರೆ ತಗೋತೀರಿ ಎಂದು ಕೇಳಿದರು.

"ಬೆಳಿಗ್ಗೆ ಕಾಫಿ ಜೊತೆಗೆ ಒಂದು. ಮಲಗಾವಾಗ ಒಂದು. ಯಾರಾದ್ರೂ ನೋವು ಅಂತ ಬಂದ್ರೆ ಅವ್ರ ಜೊತೆಗೆ ಇನ್ನೊಂದು" ಎಂದರು ಅತ್ತೆ.

"ಅವರ ಜೊತೆಗೆ ನೀವ್ಯಾಕೆ ತಗೋಬೇಕು?"

"ಒಬ್ರೇ ತಿನ್ನಕ್ಕೆ ಅವ್ರಿಗೆ ಸಂಕೋಚ ಆಗಾಕಿಲ್ವೇನವ್ವ?"

ಡಾಕ್ಟರು ನಗು ತಡೆದುಕೊಂಡು ರಕ್ತ ಪರೀಕ್ಷೆಗೆ ಬರೆದರು. ಮಧ್ಯಾಹ್ನ ರಿಪೋರ್ಟು ಬಂದಾಗ ಅವರ ಮುಖದಲ್ಲಿ ನಗುವಿರಲಿಲ್ಲ. "ಕಿಡ್ನಿ ಗೊಣಗೋಕೆ ಶುರು ಮಾಡಿದೆ ಅಮ್ಮ. ಈಗಲೇ ಪೂರ್ತಿ ಬಿಟ್ಟರೆ ಸುಧಾರಿಸಿಕೊಳ್ಳುತ್ತೆ. ಹೀಗೇ ತಿಂತಾ ಹೋದರೆ ಡಯಾಲಿಸಿಸ್‌ಗೆ ಅಂತ ತಿರುಗಬೇಕಾಗುತ್ತೆ" ಎಂದರು. ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ನನಗೂ ಹೆದರಿಕೆಯಾಯಿತು. ಆದರೆ ಅತ್ತೆಯ ಚಿಂತೆ ಬೇರೆಯಿತ್ತು. "ನಂದು ಬುಡವ್ವ, ಬುಟ್ಬುಡ್ತೀನಿ. ಕೊಬ್ಬರಿ ಬಿಡಿಸೋಕೆ ಬತ್ತಾರಲ್ಲ, ಆ ಸಾಲಿಗೆ ಒಂದು ಚೀಟಿ ಬರ್ಕೊಡು" ಎಂದರು.

"ಸಾಲಿಗೆಲ್ಲ ಒಂದು ಚೀಟಿ ಬರೆಯೋಕಾಗಲ್ಲ ಅಮ್ಮ. ನೋವಿದ್ದವರು ಬರಬೇಕು, ನಾನು ನೋಡಬೇಕು. ಒಬ್ಬರಿಗೆ ಕೊಡ್ತೀನಿ, ಒಬ್ಬರಿಗೆ ಬೇಡ ಅಂತೀನಿ."

"ಹಂಗಾರೆ ಪಂಕ್ತಿಭೇದ ಆಯ್ತದಲ್ಲವ್ವ!"

"ಮಾತ್ರೆಗೆ ಪಂಕ್ತಿಭೇದ ಮಾಡ್ಲೇಬೇಕು" ಎಂದರು ಡಾಕ್ಟರು. ಅವರ ಊರು ಯಾವುದೋ ನನಗೆ ಗೊತ್ತಿಲ್ಲ, ಅತ್ತೆಯ ಮಾತು ಅವರಿಗೆ ಪೂರ್ತಿ ಅರ್ಥವಾಗಿತ್ತು.

ಮನೆಗೆ ಬಂದು ಊಟಕ್ಕೆ ಕೂತಾಗ ಅತ್ತೆ ಎಲ್ಲವನ್ನೂ ಬಿಡಿಸಿ ಹೇಳಿದರು, ಈ ಸಲ ಮಗಳಿಗೆ. ಮನೆಯಲ್ಲಿ ಒಂದು ಡಬ್ಬಿ ಇದ್ದರೆ ತಾನು ತಿನ್ನದೆ ಇರಲಾರೆ, ಅದು ತನಗೆ ಗೊತ್ತು. ಮನೆಯಲ್ಲಿ ಇಲ್ಲದಿದ್ದರೆ ತಟ್ಟೆ ಬರಿದು. ತಟ್ಟೆ ಬರಿದಾದರೆ ಹೆಂಗಸರು ಬೇರೆ ಮನೆ ನೋಡಿಕೊಳ್ಳುತ್ತಾರೆ. "ಇಷ್ಟ್ ವರ್ಷ ಕೊಟ್ಟು ಈಗ ಇಲ್ಲ ಅಂತ ಹೆಂಗೇಳ್ಲೇ? ಸಾಲ್ನಾಗೆ ನಿಂತ್ಕಂಡು ಬರೀ ಕೈ ತೋರ್ಸು ಅಂತೀಯಾ?" ನನಗೆ ರೇಗಿಹೋಯಿತು. ಕಿಡ್ನಿಗಿಂತ ತಟ್ಟೆ ದೊಡ್ಡದಾಯಿತೇ ಎಂದು ಕೂಗಾಡಬೇಕೆನ್ನಿಸಿತು. ಆದರೆ ಅಷ್ಟರಲ್ಲಿ ಅತ್ತೆ ನನ್ನ ಎಲೆಗೆ ಇನ್ನೊಂದು ಸೌಟು ಸಾರು ಹಾಕಿದ್ದರು, ಮಗಳ ಮನೆಯಲ್ಲೂ ಬಡಿಸುವವರು ಅವರೇ.

ಮಾರನೆಯ ದಿನ ಹೆಂಡತಿ ತಾಯಿಯ ಜೊತೆಗೆ ಊರಿಗೆ ಹೋದಳು, ಮನೆ ಜಾಲಾಡಲು. ರಾಗಿ ತುಂಬಿಡುವ ಮಣ್ಣಿನ ವಾಡೆಯೊಳಗಿನಿಂದ ಎರಡು ಶೀಟು ಬಂತು. ಟ್ರಂಕಿನಲ್ಲಿ, ಯಾರೂ ಹೊಲಿಸದೆ ಮನೆಯಿಂದ ಮನೆಗೆ ತಿರುಗುವ ರವಿಕೆ ಕಣಗಳ ಮಧ್ಯೆ ಇನ್ನೊಂದು. ಕೊನೆಯದನ್ನು ಅತ್ತೆಯೇ ದೇವರ ಪಟದ ಹಿಂದಿನಿಂದ ತೆಗೆದುಕೊಟ್ಟು, "ಇದು ತಿನ್ನಾಕಲ್ಲ ಕಣೇ, ಇರ್ಲಿ ಅಂತ ಮಡಗಿದ್ದೆ" ಎಂದರಂತೆ. ನಮ್ಮ ಮಾವ ಜಗಲಿಯಲ್ಲಿ ಕೂತು, "ನಮ್ಮನೇಲಿ ಇಷ್ಟು ಐತೆ ಅಂತ ಗೊತ್ತಿದ್ರೆ ತೋಟ ಬುಟ್ಟು ಮೆಡಿಕಲ್ ಸ್ಟೋರೇ ಇಡ್ತಿದ್ನಲ್ಲ" ಎಂದು ಗೇಲಿ ಮಾಡಿದರಂತೆ.

ಆ ತಿಂಗಳು ಅತ್ತೆಗೆ ಸುಲಭವಾಗಿರಲಿಲ್ಲ. ಮಂಡಿ ಹಿಡಿದುಕೊಳ್ಳುತ್ತಿತ್ತು. ಕಿಡ್ನಿಗೆ ತೊಂದರೆ ಕೊಡದ ಬೇರೆ ಮಾತ್ರೆಯನ್ನು ಡಾಕ್ಟರು ಬರೆದುಕೊಟ್ಟಷ್ಟೇ, ಬರೆದ ಹೊತ್ತಿಗೇ ತೆಗೆದುಕೊಳ್ಳಬೇಕಿತ್ತು. ಉಪ್ಪಿನ ಗಂಟು ಬಿಸಿ ಮಾಡಿ ಶಾಖ ಕೊಟ್ಟುಕೊಳ್ಳುತ್ತಿದ್ದರು. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೀಟಾಗಿ ಎತ್ತಿ ಇಳಿಸುವ ವ್ಯಾಯಾಮ ಬೇರೆ. ಅವರೆಕಾಯಿ ಬಿಡಿಸುತ್ತಾ ಕಾಲು ಎತ್ತುವ ಅತ್ತೆಯನ್ನು ಕಂಡು ಮಾವ ಮೊದಲು ನಕ್ಕರು, ವಾರ ಕಳೆಯುವಷ್ಟರಲ್ಲಿ ಎದುರು ಕುರ್ಚಿ ಹಾಕಿಕೊಂಡು ತಾವೂ ಎತ್ತತೊಡಗಿದರು. ಇಬ್ಬರೂ ಎದುರುಬದುರು ಕೂತು ಕಾಲು ಎತ್ತುವ ವಿಡಿಯೋ ಹೆಂಡತಿಯ ಫೋನಿನಲ್ಲಿ ಈಗಲೂ ಇದೆ. ಬೇಜಾರಾದಾಗ ನೋಡುತ್ತೇವೆ.

ಕೊಬ್ಬರಿ ಸುಲಿಸುವ ದಿನ ಅಂಗಡಿಗೆ ರಜ ಹಾಕಿ ನಾನೂ ಹೋದೆ. ಅತ್ತೆ ಬೆಳಗಿನಿಂದ ಅಡುಗೆಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ಒಳಗೆ ಮುದ್ದೆ, ಸೊಪ್ಪಿನ ಸಾರು, ಪಾಯಸ. ಹಿತ್ತಲಿನಲ್ಲಿ ಹೆಂಗಸರ ಸಾಲು, ಚಿಪ್ಪಿನ ಮೇಲೆ ಮಚ್ಚಿನ ಟಕಟಕ, ಅವರ ಹರಟೆ, ನಗು. ಅವರಲ್ಲಿ ಎಲ್ಲರಿಗಿಂತ ಹಿರಿಯಳು, ಬಾಯಿಗೆ ಬೀಗವಿಲ್ಲದವಳು, ನನ್ನನ್ನು ಕಂಡವಳೇ, "ಗುಳಿಗೆ ಅಂಗಡಿ ಅಳಿಯಂದ್ರು ಬಂದವ್ರೆ. ಈ ಸಲ ಎರ್ಡೆರಡು ಅನ್ನಿ" ಎಂದು ಕೂಗಿದಳು. ಸಾಲೆಲ್ಲ ನಕ್ಕಿತು. ಕಿಟಕಿಯಲ್ಲಿ ಅತ್ತೆಯ ಮುಖ ಸಣ್ಣದಾಯಿತು.

ಊಟವಾಯಿತು. ಅತ್ತೆಯೇ ತಟ್ಟೆ ಹಿಡಿದು ಬಂದರು. ಎಲೆ, ಅಡಿಕೆ, ಸುಣ್ಣ, ಕಡ್ಡಿಪುಡಿ. ಮಾತ್ರೆ ಇರುತ್ತಿದ್ದ ಜಾಗದಲ್ಲಿ ಬೆಲ್ಲದ ಚೂರು. ಸಾಲಿನ ಮುಂದೆ ನಿಂತು, ಪಾಠ ಒಪ್ಪಿಸುವವರ ಹಾಗೆ ಒಂದೇ ಉಸಿರಿಗೆ ಹೇಳಿದರು. "ಗುಳಿಗೆ ಇಲ್ಲ ಕಣ್ರವ್ವ. ಇನ್ಮ್ಯಾಲೂ ಇಲ್ಲ. ಅದು ತಿಂದು ತಿಂದು ನನ್ ಕಾಲು ಊದ್ಕಂಡಿತ್ತು, ಕಿಡ್ನಿ ಕೆಡ್ತೈತಂತೆ. ನಂಗೆ ಆಗ್ದಿರಾದ್ನ ನಿಮಗೆ ಹೆಂಗಿಕ್ಲಿ? ಬ್ಯಾರೆ ಮನೆಗೆ ಹೋಗೋರು ಹೋಗಿ, ಬೇಜಾರಿಲ್ಲ."

ನಾನು ಅಡಿಕೆ ಅಗಿಯುವುದನ್ನು ನಿಲ್ಲಿಸಿದೆ.

ಹಿರಿಯಳೇ ಬಾಯಿ ತೆಗೆದಳು. "ಅಯ್ಯೋ ಅಮ್ಮಾರೇ, ಅದು ತಿಂದ್ರೆ ನಂಗೆ ಎದೆಯೆಲ್ಲ ಉರಿ ಕಿತ್ಕಂಡು ಬತ್ತಿತ್ತು. ತಟ್ಟೇಲಿ ಕೊಟ್ಟದ್ದು ಬ್ಯಾಡ ಅಂದ್ರೆ ನೀವು ನೊಂದ್ಕತೀರಾ ಅಂತ ನುಂಗ್ತಿದ್ದೆ!"

ಅಲ್ಲಿಗೆ ಕಟ್ಟೆ ಒಡೆಯಿತು. ಒಬ್ಬಳು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿ ಗಂಡನಿಗೆ ಕೊಡುತ್ತಿದ್ದಳಂತೆ. ಇನ್ನೊಬ್ಬಳು ಬಂದ ನೆಂಟರಿಗೆ ಕೊಡುತ್ತಿದ್ದಳಂತೆ, ರವಿಕೆ ಕಣದ ಜೊತೆಗೆ. ಮತ್ತೊಬ್ಬಳಿಗೆ ಅದು ನೋವಿನ ಮಾತ್ರೆ ಎಂಬುದೇ ಗೊತ್ತಿರಲಿಲ್ಲ, ಊಟ ಅರಗಲು ಕೊಡುತ್ತಾರೆ ಎಂದುಕೊಂಡಿದ್ದಳು. ಒಬ್ಬೊಬ್ಬಳು ಹೇಳಿದಂತೆಲ್ಲ ಸಾಲು ಬಿದ್ದು ಬಿದ್ದು ನಕ್ಕಿತು. ಅತ್ತೆ ಮೊದಲು ಪೆಚ್ಚಾದರು, ಆಮೇಲೆ ತಟ್ಟೆ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಮರ್ಯಾದೆಗೆಂದು ಇವರು ಕೊಟ್ಟರು, ಮರ್ಯಾದೆಗೆಂದು ಅವರು ನುಂಗಿದರು. ಎಷ್ಟೋ ಹೊಟ್ಟೆಗಳು ಮರ್ಯಾದೆಗೆಂದೇ ಉರಿದವು.

ಆದರೆ ಸಾಲಿನ ತುದಿಯಲ್ಲಿದ್ದವಳೊಬ್ಬಳು ನಗಲಿಲ್ಲ. ಅವಳ ಮಣಿಕಟ್ಟು ನಿಜಕ್ಕೂ ಊದಿತ್ತು, ಆ ಮಾತ್ರೆಯಿಂದಲೇ ಅವಳು ಕೆಲಸ ಎಳೆಯುತ್ತಿದ್ದಳು. ಅತ್ತೆ ಅವಳ ಕೈ ಹಿಡಿದು ತಿರುಗಿಸಿ ನೋಡಿದರು. "ಅಳಿಯಂದ್ರೇ, ಸೋಮ್ವಾರ ಇವ್ಳು ತಿಪಟೂರಿಗೆ ಬತ್ತಾಳೆ, ಡಾಕ್ಟ್ರಿಗೆ ತೋರ್ಸಿ. ಚೀಟಿ ಕೊಟ್ರೆ ಇವ್ಳೊಬ್ಬಳಿಗೇ ಗುಳಿಗೆ. ಮಿಕ್ಕೋರು ಆಸೆ ಪಡಬ್ಯಾಡ್ರಿ" ಎಂದರು. ನನ್ನ ಮುಖ ನೋಡಿಯೇ ಹೇಳಿದರು, ಮಗಳು ಪಕ್ಕದಲ್ಲೇ ಇದ್ದಳು. ಆ ಸೋಮವಾರ ಅವಳು ಬಂದಳು, ಡಾಕ್ಟರು ಕೈಗೆ ಪಟ್ಟಿ ಕಟ್ಟಿಸಿ ಕೆಲವೇ ದಿನಕ್ಕೆ ಮಾತ್ರೆ ಬರೆದರು. ನಾನು ಚೀಟಿ ನೋಡಿ, ಖುಷಿಯಿಂದ, ಕೆಂಪು ಗೀಟಿನದನ್ನೇ ಕೊಟ್ಟೆ.

ಅದು ಆಮೇಲಿನ ಮಾತು. ಆ ಮಧ್ಯಾಹ್ನ ಹೆಂಗಸರು ಎಲೆ ಹಾಕಿಕೊಂಡು ಸೊಂಟ ಹಿಡಿದು ಏಳಲು ಹೋದಾಗ ಅತ್ತೆ ತಡೆದರು. "ಕೂತ್ಕಳಿ. ಅಲ್ಲ, ಮಲಿಕ್ಕಳಿ. ಬಿಸ್ಲು ಇಳಿಯಾಗಂಟ ಮಚ್ಚು ಮುಟ್ಟಬ್ಯಾಡಿ." ಹಿತ್ತಲಿನ ನೆರಳಿಗೆ ಚಾಪೆ, ಹಳೆಯ ಜಮಖಾನ ತಂದು ಹಾಸತೊಡಗಿದರು.

ಮಾವ ಜಗಲಿಯಿಂದ ಓಡಿಬಂದರು. "ಲೇ, ಏನೇ ಇದು? ಹಿಂಗ್ ಮಲಗಿದ್ರೆ ಕೆಲ್ಸ ಮುಗಿಯಾದು ಯಾವಾಗ? ಇನ್ನೊಂದು ದಿನ ಹಿಡಿತದೆ."

"ಹಿಡೀಲಿ" ಎಂದರು ಅತ್ತೆ. "ಕೊಬ್ಬರಿ ಒಂದು ವರ್ಷ ಅಟ್ಟದ ಮ್ಯಾಲೆ ಮಲಗಿತ್ತಲ್ಲ, ಆಗ ಏನಾರ ಅಂದ್ರಾ? ಇವ್ರು ಒಂದು ಗಳಿಗೆ ಮಲಗಿದ್ರೆ ನಿಮ್ ಗಂಟೇನ್ ಹೋಯ್ತದೆ? ಗುಳಿಗೆ ಇಕ್ಕಿ ದುಡಿಸ್ಕಂಡಿದ್ದು ಸಾಕು."

ಮಾವ ನನ್ನ ಕಡೆ ನೋಡಿದರು, ಆಮೇಲೆ ಒಂದು ದಿಂಬು ತಂದು ಹಿರಿಯಳ ಕಡೆ ಎಸೆದು ಹೊರಟುಹೋದರು. ಅವಳು ಅದನ್ನು ತಲೆಗಿಟ್ಟುಕೊಂಡು ಕಾಲು ಚಾಚಿದಳು. ಸಾಲೆಲ್ಲ ಚಾಚಿತು. ಎಲ್ಲರಿಗೂ ಸಮನಾಗಿ ಬಡಿಸಬಹುದಾದದ್ದು ಅತ್ತೆಗೆ ಸಿಕ್ಕಿತ್ತು.

ಸ್ವಲ್ಪ ಹೊತ್ತಿನ ಮೇಲೆ ನೀರು ಕೇಳಲು ಹಿತ್ತಲಿಗೆ ಹೋದೆ. ಮಾತೆಲ್ಲ ಅಡಗಿತ್ತು. ಮಟ್ಟೆಯ ರಾಶಿಯ ಪಕ್ಕ ಹೆಂಗಸರು ಉದ್ದಕ್ಕೆ ಮಲಗಿದ್ದರು. ಸಾಲಿನ ಕೊನೆಯಲ್ಲಿ, ಅಳಿಯನ ಎದುರಿಗೆ ಕುರ್ಚಿಯಲ್ಲೂ ಕೂರದಿದ್ದ ನಮ್ಮ ಅತ್ತೆ, ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೊರಕೆ ಹೊಡೆಯುತ್ತಿದ್ದರು. ಹಿರಿಯಳು ಒಂದು ಕಣ್ಣು ತೆರೆದು, ತುಟಿಗೆ ಬೆರಳಿಟ್ಟು, ಹೋಗಿ ಎಂದು ನನಗೆ ಸನ್ನೆ ಮಾಡಿದಳು.

ನಾನು ಹೋಗಲಿಲ್ಲ. ಅತ್ತೆಯ ಸೀರೆಯ ಅಂಚು ಸ್ವಲ್ಪ ಮೇಲೆ ಸರಿದಿತ್ತು. ಎರಡೂ ಕಾಲಿನ ಗಿಣ್ಣು ಚೆನ್ನಾಗಿ ಕಾಣುತ್ತಿದ್ದವು.